ವರದಕ್ಷಿಣೆ ಯಾವ ಕಾಲದ ಸಂಪ್ರದಾಯ?

(ಹನಕೆರೆಯಲ್ಲಿ ಸ್ವಸಹಾಯ ಸಂಘಗಳ ಮಹಿಳೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ವಾರದ ಉಳಿತಾಯ ಕಟ್ಟಿ, ಪುಸ್ತಕಕ್ಕೆ ಬರೆಸಿ, ಮನೆಗೆ ಹೋಗಿ ಒಲೆ ಹಚ್ಚಬೇಕಾದ ಹೊತ್ತಿನಲ್ಲಿ ನೀವೆಲ್ಲ ಇಲ್ಲಿ ಕುಳಿತಿದ್ದೀರಿ. ನಿಮ್ಮ ಹೊತ್ತಿನ ಬೆಲೆ ನನಗೆ ಗೊತ್ತು. ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಇಲ್ಲಿಗೆ ಬರುವಾಗ ರಸ್ತೆ ಬದಿಯ ಅಂಗಡಿಯಲ್ಲಿ ಟೀ ಕುಡಿಯಲು ನಿಂತಿದ್ದೆ. ನಾಲ್ಕೈದು ಜನ ಗಂಡಸರು ಜೋರಾಗಿ ವಾದ ಮಾಡುತ್ತಿದ್ದರು. ಒಬ್ಬರು, "ಆಲೆಮನೆಗೆ ಉತ್ತರಪ್ರದೇಶದೋರು, ಕಟ್ಟಡದ ಕೆಲ್ಸಕ್ಕೆ ಬಿಹಾರದೋರು, ಹೊರಗ್ನೋರು ಬಂದು ನಮ್ ಕಡೆ ಎಲ್ಲಾ ಕೆಟ್ಟೋಯ್ತು" ಎಂದರು. ಇನ್ನೊಬ್ಬರು, "ಅದಿರ್ಲಿ, ಮೊದ್ಲು ನಮ್ ಧರ್ಮ ಉಳೀಬೇಕು" ಎಂದರು. ಮೂರನೆಯವರು, "ಹೆಣ್ಮಕ್ಳು ಓದಿ ಬೆಂಗ್ಳೂರ್ ದಾರಿ ಹಿಡಿದ್ವಲ್ಲ, ಅವತ್ತೇ ಸಂಸ್ಕೃತಿ ಹೋಯ್ತು" ಎಂದರು. ನನ್ನ ಟೀ ಮುಗಿದರೂ ವಾದ ಮುಗಿಯಲಿಲ್ಲ. ಧರ್ಮ, ಹೊರಗಿನವರು, ಸಂಸ್ಕೃತಿ ಎಲ್ಲವೂ ಬಂದುಹೋದವು. ವರದಕ್ಷಿಣೆ ಎಂಬ ಮಾತು ಮಾತ್ರ ಒಂದು ಸಲವೂ ಬರಲಿಲ್ಲ.

ಈ ವಾದಗಳು ನಮ್ಮ ಜಿಲ್ಲೆಗೆ ಹೊಸತಲ್ಲ. 2024ರ ಜನವರಿಯಲ್ಲಿ ಕೆರಗೋಡಿನಲ್ಲಿ ಬಾವುಟದ ಗಲಾಟೆಯಾಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ನಾಗಮಂಗಲದಲ್ಲಿ ಗಣೇಶನ ಮೆರವಣಿಗೆಯ ವೇಳೆ ಅಂಗಡಿಗಳು ಸುಟ್ಟವು. 2025ರ ಸೆಪ್ಟೆಂಬರಿನಲ್ಲಿ ಮದ್ದೂರಿನ ಸರದಿ. ಯಾರದು ಸರಿ, ಯಾರದು ತಪ್ಪು ಎಂದು ತೀರ್ಪು ಹೇಳಲು ನಾನು ಬಂದಿಲ್ಲ. ಅಂಥ ದಿನಗಳಲ್ಲಿ ಗಾರ್ಮೆಂಟ್ಸ್‌ಗೆ ಹೋಗುವ ಹುಡುಗಿಯ ಕೂಲಿ ಕೈತಪ್ಪುವುದು, ಹೂವಿನ ಬುಟ್ಟಿಯವಳ ಹೂವು ಬಾಡುವುದು ನಿಮಗೇ ಗೊತ್ತು. ಪ್ರತಿ ಸಲವೂ ಕೇಳಿಬರುವ ಮಾತು ಒಂದೇ: "ನಮ್ಮ ಸಂಸ್ಕೃತಿ ಉಳಿಯಬೇಕು." ಉಳಿಯಲಿ. ಆದರೆ ಹಾಗೆ ಹೇಳುವವರನ್ನು ನಾವು ಹೆಂಗಸರು ಒಂದು ಪ್ರಶ್ನೆ ಕೇಳಬೇಕಾಗಿದೆ. ಯಾವುದು ನಮ್ಮ ಸಂಸ್ಕೃತಿ? ಅದು ಯಾವ ಕಾಲದ್ದು?

ಸಭೆ ಶುರುವಾಗುವ ಮೊದಲು ಇಲ್ಲಿ ಮುಂದೆ ಕುಳಿತಿರುವ ಅಜ್ಜಿಯವರನ್ನು ಮಾತನಾಡಿಸಿದೆ. ಅವರಿಗೆ ಎಂಬತ್ತು ದಾಟಿದೆ. "ಅಜ್ಜಿ, ನಿಮ್ಮ ಮದುವೆಗೆ ವರದಕ್ಷಿಣೆ ಎಷ್ಟು ಕೊಟ್ಟರು?" ಎಂದು ಕೇಳಿದೆ. ಅವರು ನಕ್ಕರು. "ನಾವ್ಯಾಕವ್ವ ಕೊಡಾನ? ಅವ್ರೇ ತೆರ ಕೊಟ್ಟು ಮಾಡ್ಕಂಡು ಬಂದ್ರು" ಎಂದರು. "ತೆರ ಎಷ್ಟು ಕೊಟ್ಟರು?" ಎಂದೆ. "ಅದು ನಮ್ಮಪ್ಪಂಗೇ ಗೊತ್ತು. ನನ್ನ ಯಾರು ಕೇಳುದ್ರು?" ಎಂದರು.

ಅಜ್ಜಿಯ ಈ ಎರಡು ಮಾತುಗಳನ್ನೂ ನೆನಪಿಟ್ಟುಕೊಳ್ಳಿ. ಎರಡನೆಯದಕ್ಕೆ ಆಮೇಲೆ ಬರುತ್ತೇನೆ. ಮೊದಲನೆಯದನ್ನು ನೋಡೋಣ. ನಮ್ಮ ಸೀಮೆಯ ಒಕ್ಕಲು ಮನೆಗಳಲ್ಲಿ ಗಂಡಿನ ಕಡೆಯವರು ಹೆಣ್ಣಿನ ಕಡೆಯವರಿಗೆ ತೆರ ಕೊಡುತ್ತಿದ್ದರು. ಗಂಡಿನ ಮನೆಯವರು ಹೆಣ್ಣು ಕೇಳಿಕೊಂಡು ಬರುತ್ತಿದ್ದರು. ವೀಳ್ಯದ ಶಾಸ್ತ್ರ ಊರಿನ ಯಜಮಾನರ ಮುಂದೆ ಆಗುತ್ತಿತ್ತು. ಮನೆ ಮುಂದೆ ಚಪ್ಪರ, ಹೆಂಗಸರ ಸೋಬಾನೆ, ಆಮೇಲೆ ಬೀಗರೂಟ. ಕಾರು, ಬೈಕು, ಸೈಟು, ಇಷ್ಟು ಗ್ರಾಂ ಚಿನ್ನ ಎಂಬ ಪಟ್ಟಿ ಇರಲಿಲ್ಲ.

ಇದನ್ನು ಅಜ್ಜಿಯ ನೆನಪು ಮಾತ್ರ ಹೇಳುತ್ತಿಲ್ಲ, ಬರೆದಿಟ್ಟ ದಾಖಲೆಯೂ ಇದೆ. ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ಸಂಶೋಧಕಿ 1954ರಿಂದ 1956ರವರೆಗೆ ಮಂಡ್ಯದ ಹತ್ತಿರದ ಎರಡು ಹಳ್ಳಿಗಳಲ್ಲಿ ಅಧ್ಯಯನ ಮಾಡಿದರು. ಒಂದು ನಾಲೆ ನೀರಿನ ಊರು, ಇನ್ನೊಂದು ಒಣ ಬೇಸಾಯದ ಊರು. ಆ ಊರುಗಳ ನಿಜವಾದ ಹೆಸರು ಹೇಳದೆ ವಂಗಲ, ದಲೇನ ಎಂದು ಬೇರೆ ಹೆಸರಿಟ್ಟು ಪುಸ್ತಕ ಬರೆದರು. ಆಗ ಅವರು ಕಂಡದ್ದು ತೆರದ ಮದುವೆಗಳನ್ನು. 1970ರಲ್ಲಿ ಅದೇ ಊರುಗಳಿಗೆ ಮತ್ತೆ ಬಂದರು. ಅಷ್ಟರಲ್ಲಿ ತೆರ ಹಿಂದೆ ಸರಿದು ವರದಕ್ಷಿಣೆ ಕಾಲಿಟ್ಟಿತ್ತು. ನಡುವೆ ಇದ್ದದ್ದು ಹದಿನೈದು ವರ್ಷ. ಒಂದು ಹೆಣ್ಣುಮಗು ಹುಟ್ಟಿ ಹೈಸ್ಕೂಲು ಮುಗಿಸುವಷ್ಟು ಕಾಲದಲ್ಲಿ ಕೊಡುವ ಕೈ ತೆಗೆದುಕೊಳ್ಳುವ ಕೈಯಾಯಿತು.

ಈ ಎಪ್‌ಸ್ಟೀನ್ ಯಾರು ಎಂಬುದನ್ನೂ ಹೇಳಬೇಕು. ಅವರು 1922ರಲ್ಲಿ ವಿಯೆನ್ನಾ ನಗರದ ಯಹೂದಿ ಮನೆಯಲ್ಲಿ ಹುಟ್ಟಿದವರು. 1938ರಲ್ಲಿ ಹಿಟ್ಲರನ ಸೈನ್ಯ ಆ ದೇಶವನ್ನು ವಶಪಡಿಸಿಕೊಂಡಾಗ, ಬರೀ ಅವರ ಧರ್ಮದ ಕಾರಣಕ್ಕೆ ಊರು ಬಿಟ್ಟು ಓಡಬೇಕಾಯಿತು. ಕೊನೆಗೆ ಇಂಗ್ಲೆಂಡು ಸೇರಿದರು. ತನ್ನ ಊರಿನಲ್ಲೇ "ಹೊರಗಿನವಳು" ಎನ್ನಿಸಿಕೊಂಡ ಹುಡುಗಿ ಮುಂದೆ ನಮ್ಮ ಊರಿಗೆ ಬಂದು, ನಮ್ಮ ಅಜ್ಜಿಯರ ಜೊತೆ ಕುಳಿತು, ನಾವೇ ಮರೆತ ನಮ್ಮ ಸಂಪ್ರದಾಯವನ್ನು ಬರೆದಿಟ್ಟಳು. ಹೊರಗಿನವರು ಬಂದರೆ ಸಂಸ್ಕೃತಿ ಹಾಳಾಗುತ್ತದೆ ಎನ್ನುವವರು ಇದನ್ನು ಸ್ವಲ್ಪ ಯೋಚಿಸಬೇಕು.

ಹಾಗಾದರೆ ವರದಕ್ಷಿಣೆಯನ್ನು ತಂದವರು ಯಾರು? ಬಿಹಾರದಿಂದ ಬಂದ ಕೂಲಿಯವನೇ? ಬೇರೆ ಧರ್ಮದವರೇ? ಅಲ್ಲ. ಕನ್ನಂಬಾಡಿ ಕಟ್ಟೆ ಆದ ಮೇಲೆ 1930ರ ದಶಕದಲ್ಲಿ ನಾಲೆಯಲ್ಲಿ ನೀರು ಬಂತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ರಾಗಿ ಬೆಳೆಯುತ್ತಿದ್ದ ನೆಲದಲ್ಲಿ ಕಬ್ಬು, ಭತ್ತ ಬಂದವು. ಕೈಯಲ್ಲಿ ನಗದು ಆಡಿತು. ಆ ನೀರು ನಮಗೆ ಅನ್ನ ಕೊಟ್ಟಿದೆ, ಅದನ್ನು ದೂರುವುದಿಲ್ಲ. ಆದರೆ ಹಣದ ಜೊತೆ ಅಂತಸ್ತಿನ ಪೈಪೋಟಿಯೂ ಬಂತು. ಅನುಕೂಲಸ್ಥರು ತಮ್ಮ ಹೆಂಗಸರನ್ನು ಗದ್ದೆ ಕೆಲಸದಿಂದ ಬಿಡಿಸಿದರು. ಮೈಮುರಿದು ದುಡಿಯುವ ಹೆಣ್ಣಿಗೆ ತೆರ ಕೊಡುತ್ತಿದ್ದವರು, ಮನೆಯೊಳಗೆ ಕುಳಿತ ಹೆಣ್ಣನ್ನು ಸಾಕಲು ಹಣ ಕೇಳತೊಡಗಿದರು. ಮನೆಯೊಳಗೆ ಅವಳು ಮಾಡುವ ದುಡಿಮೆ ಯಾರ ಲೆಕ್ಕಕ್ಕೂ ಬರಲಿಲ್ಲ. ಅದೇ ಹೊತ್ತಿಗೆ ಓದಿದ, ಸರ್ಕಾರಿ ನೌಕರಿ ಸಿಕ್ಕಿದ ಹುಡುಗರು ಅಲ್ಲೊಬ್ಬ ಇಲ್ಲೊಬ್ಬ ಕಾಣಿಸಿಕೊಂಡರು. ಅಂಥವರಿಗಾಗಿ ಹೆಣ್ಣು ಹೆತ್ತವರು ಹರಾಜಿನಲ್ಲಿ ಕೂಗಿದಂತೆ ಕೂಗಿದರು. ಮೈಸೂರು ಸೀಮೆಯ ಹಳ್ಳಿಗಳನ್ನು ಚೆನ್ನಾಗಿ ಬಲ್ಲ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಕೂಡ 1984ರಲ್ಲಿ ಪ್ರಕಟವಾದ ವರದಕ್ಷಿಣೆ ಕುರಿತ ತಮ್ಮ ಉಪನ್ಯಾಸದಲ್ಲಿ ಇದನ್ನೇ ಹೇಳಿದರು: ದಕ್ಷಿಣ ಭಾರತದ ಇಂದಿನ ವರದಕ್ಷಿಣೆ ಹಳೆಯ ಶಾಸ್ತ್ರದಿಂದ ಬಂದದ್ದಲ್ಲ, ಹಣ, ವಿದ್ಯೆ, ನೌಕರಿಗಳ ಜೊತೆ ಬೆಳೆದ ಹೊಸ ಪಿಡುಗು.

ನೋಡಿ, ಇದೇ ನಮ್ಮ ಕಡೆ ಆದ ದೊಡ್ಡ ಸಾಂಸ್ಕೃತಿಕ ಬದಲಾವಣೆ. ಇದರ ವಿರುದ್ಧ ಯಾರೂ ಬಂದ್ ಕರೆಯಲಿಲ್ಲ. ಯಾರೂ ಬಾವುಟ ಹಿಡಿಯಲಿಲ್ಲ. ಹುಡುಗಿ ಜೀನ್ಸ್ ಹಾಕಿದರೆ ಸಂಸ್ಕೃತಿ ಹೋಗುತ್ತದೆ. ಅವಳ ಅಪ್ಪ ಗದ್ದೆ ಮಾರಿ ಅಳಿಯನಿಗೆ ಕಾರು ಕೊಡಿಸಿದರೆ ಸಂಸ್ಕೃತಿ ಉಳಿಯುತ್ತದೆ!

ಈಗ ಅಜ್ಜಿಯ ಎರಡನೆಯ ಮಾತು. "ನನ್ನ ಯಾರು ಕೇಳುದ್ರು?" ತೆರದ ಕಾಲ ಹೆಣ್ಣಿನ ಸುವರ್ಣಯುಗವಾಗಿರಲಿಲ್ಲ. ತೆರ ಅಪ್ಪನ ಕೈಗೆ ಹೋಗುತ್ತಿತ್ತು. "ತೆರ ಕೊಟ್ಟು ತಂದಿವ್ನಿ" ಎಂದು ಹೇಳಿ ಹೊಡೆದ ಗಂಡಂದಿರ ಕಥೆ ನಿಮ್ಮ ಅಜ್ಜಿಯರೂ ಹೇಳಿರಬಹುದು. ಆದ್ದರಿಂದ ತೆರ ವಾಪಸ್ಸು ಬರಲಿ ಎಂದು ನಾನು ಹೇಳುತ್ತಿಲ್ಲ. ನಾನು ಹೇಳುವುದು ಇಷ್ಟೇ: ವರದಕ್ಷಿಣೆ ದೇವರು ಬರೆದದ್ದಲ್ಲ, ಧರ್ಮ ವಿಧಿಸಿದ್ದಲ್ಲ. ಅದು ಬಂದ ದಾರಿ ನಮಗೆ ಗೊತ್ತು. ಬಂದ ದಾರಿ ಗೊತ್ತಿರುವುದನ್ನು ಅದೇ ದಾರಿಯಲ್ಲಿ ಕಳಿಸಲೂ ಬಹುದು.

ಧರ್ಮದ ಮಾತು ಬಂದಿದ್ದರಿಂದ ಇನ್ನೊಂದು ವಿಷಯ. ನಮ್ಮ ಮುಸ್ಲಿಂ ಅಕ್ಕತಂಗಿಯರೂ ಇಲ್ಲಿದ್ದಾರೆ. ಅವರ ಧರ್ಮದಲ್ಲಿ ಗಂಡು ಹೆಣ್ಣಿಗೆ ಮಹರ್ ಕೊಡಬೇಕು. ಅದು ಅವಳದೇ ಹಕ್ಕು. ಆದರೂ ಎಷ್ಟೋ ಮನೆಗಳಲ್ಲಿ ಗಂಡಿನ ಕಡೆಯವರೇ ನಗದು, ಬೈಕು, ಮಂಚ, ಬೀರು ಕೇಳುತ್ತಾರೆ. ಕ್ರೈಸ್ತ ಮನೆಗಳಲ್ಲೂ ಇದು ನಡೆಯುತ್ತದೆ. ಬಾವುಟ, ಮೆರವಣಿಗೆ, ಬಟ್ಟೆ, ಊಟ ಎಲ್ಲದರಲ್ಲೂ ಜಗಳವಾಡುವ ಧರ್ಮಗಳವರು ವರದಕ್ಷಿಣೆ ವಿಷಯದಲ್ಲಿ ಮಾತ್ರ ಅಣ್ಣತಮ್ಮಂದಿರಂತೆ ಒಂದಾಗಿದ್ದಾರೆ! ಕಾನೂನೂ ಇಲ್ಲಿ ಧರ್ಮಭೇದ ಮಾಡುವುದಿಲ್ಲ. 1961ರ ವರದಕ್ಷಿಣೆ ನಿಷೇಧ ಕಾಯಿದೆ ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. 2005ರಲ್ಲಿ ಆದ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣೆ ಕಾಯಿದೆಯೂ ಅಷ್ಟೇ. ಹೊಡೆತ ತಿಂದ ಬೆನ್ನಿಗೆ ಜಾತಿ ಇಲ್ಲ, ಧರ್ಮ ಇಲ್ಲ.

ಅಪಾಯ ಹೊರಗಿನಿಂದ ಬರುತ್ತದೆ ಎಂದು ನಮ್ಮನ್ನು ಹೆದರಿಸುತ್ತಾರೆ. ಸಂಜೆಯಾದ ಮೇಲೆ ಹುಡುಗಿ ಹೊರಗೆ ಹೋಗಬಾರದು, ಆಲೆಮನೆ ಕಡೆ ಸುಳಿಯಬಾರದು. ಹುಷಾರಾಗಿರಬೇಕು, ನಿಜ. ಆದರೆ ಲೆಕ್ಕ ಏನು ಹೇಳುತ್ತದೆ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವರ್ಷದ, ಮದುವೆಯಾದ ಪ್ರತಿ 100 ಹೆಂಗಸರಲ್ಲಿ 44 ಮಂದಿ ಗಂಡನ ಕೈಯಲ್ಲಿ ದೌರ್ಜನ್ಯ ಅನುಭವಿಸಿದ್ದರು. ದೇಶದ ರಾಜ್ಯಗಳಲ್ಲೆಲ್ಲ ಆ ಸಮೀಕ್ಷೆಯಲ್ಲಿ ಇದೇ ಅತಿ ಹೆಚ್ಚು. ಈ ಗಂಡಂದಿರು ಯಾವ ಪರದೇಶದಿಂದ ವಲಸೆ ಬಂದವರು? ಜಾತಕ ನೋಡಿ, ಕುಲ ನೋಡಿ, ನಾವೇ ಆರಿಸಿ ತಂದ ಅಳಿಯಂದಿರು.

ವಲಸೆ ಎಂದೆ. ವಲಸೆ ಎಂದರೆ ನಮಗೆ ಗಂಟುಮೂಟೆ ಹೊತ್ತ ಕೂಲಿಯವರು ನೆನಪಾಗುತ್ತಾರೆ, ಇಲ್ಲವೇ ಅಮೆರಿಕಕ್ಕೆ ಹೋದ ಇಂಜಿನಿಯರು. ಆದರೆ ಜನಗಣತಿಯ ಲೆಕ್ಕದಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಊರು ಬಿಟ್ಟವರಲ್ಲಿ ಹೆಚ್ಚಿನವರು ಹೆಂಗಸರು, ಅವರು ಊರು ಬಿಡಲು ಅತಿ ದೊಡ್ಡ ಕಾರಣ ಮದುವೆ. ಇಲ್ಲಿ ಕುಳಿತಿರುವ ನಾವೆಲ್ಲ ವಲಸೆ ಬಂದವರೇ. ಕೈ ಎತ್ತಿ ನೋಡೋಣ, ಹನಕೆರೆಯಲ್ಲೇ ಹುಟ್ಟಿದವರು ಎಷ್ಟು ಜನ? ನೋಡಿ, ನಾಲ್ಕೇ ಕೈ. ಉಳಿದವರು ಮಳವಳ್ಳಿ ಕಡೆಯಿಂದ, ಕೊಪ್ಪದ ಕಡೆಯಿಂದ, ಪಾಂಡವಪುರದ ಕಡೆಯಿಂದ ಬಂದವರು. ಹೊಸ ಮನೆಗೆ ಬಂದ ಮೊದಲ ದಿನ ನಿಮಗೆ ಏನು ಹೇಳಿದರು? "ನಿಮ್ಮಪ್ಪನ ಮನೆ ಥರ ಇಲ್ಲಿ ನಡೆಯಕಿಲ್ಲ. ನಮ್ಮನೆ ಪದ್ಧತಿ ಕಲ್ತ್ಕೊ." ದೊಡ್ಡ ದೊಡ್ಡ ದೇಶಗಳು ಹೊಟ್ಟೆಪಾಡಿಗೆ ಬಂದವರಿಗೆ ಹೇಳುವುದೂ ಇದನ್ನೇ. ನಮ್ಮವರು ಅಲ್ಲಿ ಅವಮಾನವಾದರೆ ಇಲ್ಲಿ ನಾವು ಕೋಪಗೊಳ್ಳುತ್ತೇವೆ. ಕೋಪ ನ್ಯಾಯವಾದದ್ದೇ. ಆ ನ್ಯಾಯವನ್ನು ನಮ್ಮ ಮನೆಯ ಸೊಸೆಗೂ ಕೊಡಬೇಡವೇ?

ಇದು ಈಗ ಯಾಕೆ ಮುಖ್ಯ ಎಂದು ಹೇಳುತ್ತೇನೆ. 2022ರ ನವೆಂಬರಿನಲ್ಲಿ ಆದಿಚುಂಚನಗಿರಿಯಲ್ಲಿ ವಧುವರರ ಸಮಾವೇಶ ನಡೆಯಿತು. ಹತ್ತು ಸಾವಿರಕ್ಕೂ ಹೆಚ್ಚು ಗಂಡುಗಳು ಬಂದರೆ, ಹೆಣ್ಣುಗಳು ಸುಮಾರು 250 ಎಂದು ಪತ್ರಿಕೆಗಳು ಬರೆದವು. 2023ರ ಫೆಬ್ರುವರಿಯಲ್ಲಿ ನಮ್ಮ ಪಕ್ಕದ ಕೆ.ಎಂ. ದೊಡ್ಡಿಯಿಂದ ಮದುವೆಯಾಗದ ಗಂಡಸರು ಹೆಣ್ಣು ಸಿಗಲೆಂದು ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಅದೇ ವರ್ಷದ ಕೊನೆಯಲ್ಲಿ ಮಂಡ್ಯದ ಹತ್ತಿರದ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು, ಹೆಣ್ಣು ಎಂದು ಗೊತ್ತಾದ ಭ್ರೂಣಗಳನ್ನು ತೆಗೆಸುತ್ತಿದ್ದ ಜಾಲವನ್ನು ಬೆಂಗಳೂರಿನ ಪೊಲೀಸರು ಪತ್ತೆ ಮಾಡಿದರು. ಹಾಗೆ ಹೋದ ಭ್ರೂಣಗಳು ನೂರಾರು ಎಂದು ಹೇಳಿದರು. ಬೆಲ್ಲ ಮಾಡುವ ಜಾಗದಲ್ಲಿ ಈ ಕೆಲಸ! ಭ್ರೂಣಲಿಂಗ ಪತ್ತೆ ನಿಷೇಧದ ಕಾನೂನು 1994ರಿಂದಲೇ ಇದೆ. ಹೊಲ ಬಿಟ್ಟು ಪಟ್ಟಣದ ನೌಕರಿಯ ಗಂಡು ಬೇಕು ಎನ್ನುವ ಹುಡುಗಿಯರನ್ನು ಊರೆಲ್ಲ ಬೈಯುತ್ತದೆ. ಹುಟ್ಟಲು ಬಿಡದ ಹುಡುಗಿಯರ ಲೆಕ್ಕವನ್ನು ಯಾರೂ ಕೇಳುವುದಿಲ್ಲ. "ಹೆಣ್ಣು ಹುಟ್ಟಿದರೆ ಮದುವೆ ಖರ್ಚು" ಎಂಬ ಭಯವೇ ಆ ಯಂತ್ರವನ್ನು ನಡೆಸಿದ್ದು.

ಹೆಣ್ಣು ಕಡಿಮೆಯಾದರೆ ಅವಳ ಬೆಲೆ ಏರುತ್ತದೆ, ಆಗ ವರದಕ್ಷಿಣೆ ತಾನಾಗಿ ನಿಲ್ಲುತ್ತದೆ ಎಂದು ಕೆಲವರು ಹೇಳುತ್ತಿದ್ದರು. ನಿಂತಿದೆಯೇ? ನೌಕರಿಯ ಗಂಡಿಗೆ ವರದಕ್ಷಿಣೆ ನಡೆದೇ ಇದೆ. ಹೊಲ ಉಳುವ ಗಂಡಿಗೆ ಉತ್ತರ ಕರ್ನಾಟಕದಿಂದ, ಬೇರೆ ರಾಜ್ಯಗಳಿಂದ ಬ್ರೋಕರ್‌ಗಳು ಹೆಣ್ಣು ತರುತ್ತಿದ್ದಾರೆ. ಗಂಡಿನ ಮನೆಯವರ ಹಣ ಬ್ರೋಕರ್ ಜೇಬಿಗೆ ಹೋಗುತ್ತದೆ. ಬೆಲೆ ಅವಳ ಮೇಲೆ, ಲಾಭ ಯಾರಿಗೋ. ಅಜ್ಜಿಯ ಮಾತೇ ಮತ್ತೆ ಬಂತು: "ನನ್ನ ಯಾರು ಕೇಳುದ್ರು?"

ಅಂಥ ಒಬ್ಬ ಹುಡುಗಿಯನ್ನು ನಾನು ಈಚೆಗೆ ಕಂಡೆ. ಊರು ಯಾವುದೆಂದು ಹೇಳುವುದಿಲ್ಲ. ಜೋಳದ ರೊಟ್ಟಿ ತಟ್ಟುವ ಸೀಮೆಯಿಂದ ಬಂದವಳು. ಮುದ್ದೆ ಕಟ್ಟಲು ಬರುವುದಿಲ್ಲ ಎಂದು ಅತ್ತೆ ಅಕ್ಕಪಕ್ಕದವರ ಮುಂದೆ ನಗೆಯಾಡುತ್ತಿದ್ದರು. ಗಂಡ ಕುಡಿದು ಬಂದ ದಿನ ನಗೆ ಇರುತ್ತಿರಲಿಲ್ಲ, ಏಟು ಇರುತ್ತಿತ್ತು. "ತವರಿಗೆ ಹೋಗಬಾರದೇ?" ಎಂದೆ. "ರೊಕ್ಕ ಕೊಟ್ಟ ತಂದೀವಿ ಅಂತಾರ್ರೀ. ನನ್ನ ಮಾತು ಇಲ್ಲಿ ಯಾರಿಗೂ ತಿಳಿಯಂಗಿಲ್ರೀ" ಎಂದಳು. ಅವಳೂ ಕನ್ನಡದವಳೇ! ಪಕ್ಕದ ಮನೆಯಲ್ಲೇ ಸಂಘದ ಪ್ರತಿನಿಧಿ ಇದ್ದರು. ಯಾಕೆ ಇವಳನ್ನು ಸಂಘಕ್ಕೆ ಸೇರಿಸಲಿಲ್ಲ ಎಂದು ಕೇಳಿದೆ. "ಆಧಾರ್ ಇಲ್ಲಿದಲ್ಲ, ರೇಷನ್ ಕಾರ್ಡಲ್ಲಿ ಹೆಸ್ರಿಲ್ಲ, ಯಾವ ಜಾತಿಯೋ ಯಾವ ಕುಲವೋ" ಎಂದರು. ಅಕ್ಕಂದಿರೇ, ಇದು ಗಂಡಸರ ಟೀ ಅಂಗಡಿಯ ಮಾತಲ್ಲ. ನಮ್ಮ ಬಾಯಿಂದ ಬಂದ ಮಾತು.

ಈಗ ಕೊನೆಯ ವಿಷಯ, ಅದು ನಿಮ್ಮ ಕೈಯಲ್ಲೇ ಇರುವ ಪುಸ್ತಕ. ಎರಡು ಸಂಘಗಳವರು ತಮ್ಮ ಸಾಲದ ಪುಸ್ತಕ ತೋರಿಸಿದರು. ಲೆಕ್ಕ ಅಚ್ಚುಕಟ್ಟಾಗಿದೆ. ಸಾಲದ ಕಾರಣ ಎಂಬ ಕಡೆ ಹಸು, ಹೊಲಿಗೆ ಯಂತ್ರ, ಮಗನ ಫೀಸು ಎಂದು ಬರೆದಿದೆ. ಎಲ್ಲಕ್ಕಿಂತ ದೊಡ್ಡ ಮೊತ್ತಗಳ ಮುಂದೆ "ಮಗಳ ಮದುವೆ" ಎಂದಿದೆ. ಹಾಲು ಹಾಕಿ, ಕೂಲಿ ಮಾಡಿ, ವಾರವಾರ ನೀವು ಕಟ್ಟಿದ ದುಡ್ಡು ಬೀಗರ ಮನೆಯ ಬೀರು ಸೇರುತ್ತಿದೆ. ನಮ್ಮ ಬಿಡುಗಡೆಗೆಂದು ಕಟ್ಟಿದ ಸಂಘವೇ ವರದಕ್ಷಿಣೆಗೆ ಸಾಲ ಕೊಡುವ ಸಾಹುಕಾರನಾದರೆ ಹೇಗೆ?

ಹೀಗೆ ಕೇಳಿದಾಗ ಒಬ್ಬ ತಾಯಿ ನನಗೆ ಸರಿಯಾಗೇ ಉತ್ತರ ಕೊಟ್ಟರು. "ಸಂಘದಲ್ಲಿ ಕೊಡ್ದಿದ್ರೆ ಫೈನಾನ್ಸ್‌ನೋರತ್ರ ತತ್ತೀನಿ. ಮಗ್ಳ ಮನೇಲೇ ಕೂರಿಸ್ಕಳಕ್ಕಾಯ್ತದಾ? ಊರೋರು ಆಡ್ಕಳಕಿಲ್ವಾ?" ಎಂದರು. ಆ ತಾಯಿಯ ಸಂಕಟ ಸುಳ್ಳಲ್ಲ. ಒಬ್ಬಳೇ ನಿಂತು "ಕೊಡೋದಿಲ್ಲ" ಎಂದರೆ ಅವಳ ಮಗಳ ಸಂಬಂಧ ಮುರಿಯುತ್ತದೆ, ಅಷ್ಟೇ. ಕೊಡಬೇಡಿ ಎಂದು ಹೆಣ್ಣು ಹೆತ್ತವರಿಗೆ ಬುದ್ಧಿ ಹೇಳುವುದು ಸುಲಭ. ತೆಗೆದುಕೊಳ್ಳುವುದಿಲ್ಲ ಎಂದು ಮೊದಲು ಹೇಳಬೇಕಾದವರು ಗಂಡು ಹೆತ್ತವರು. ಅವರು ಎಲ್ಲಿದ್ದಾರೆ? ಇಲ್ಲೇ ಇದ್ದಾರೆ. ಮಗಳ ಮದುವೆಗೆ ಸಾಲ ಮಾಡಿ ಅತ್ತವಳೇ ಮಗನ ಮದುವೆಗೆ ಪಟ್ಟಿ ಬರೆಸುತ್ತಾಳೆ.

ಆದ್ದರಿಂದ ನಾನು ನಾಲ್ಕು ಕೆಲಸ ಸೂಚಿಸುತ್ತೇನೆ. ಸರಿ ಕಂಡರೆ ನಿರ್ಣಯ ಮಾಡಿ, ಕಾಣದಿದ್ದರೆ ಜಗಳವಾಡಿ.

ಒಂದು, ಗಂಡುಮಕ್ಕಳಿರುವ ಸದಸ್ಯೆಯರು "ಮಗನ ಮದುವೆಗೆ ವರದಕ್ಷಿಣೆ ಕೇಳುವುದಿಲ್ಲ, ತೆಗೆದುಕೊಳ್ಳುವುದಿಲ್ಲ" ಎಂದು ಸಂಘದ ಪುಸ್ತಕದಲ್ಲಿ ಮೊದಲು ರುಜು ಹಾಕಲಿ. ಆಮೇಲೆ ವರದಕ್ಷಿಣೆಗೆ ಸಾಲವಿಲ್ಲ ಎಂಬ ನಿರ್ಣಯವಾಗಲಿ. ಮಗಳ ಓದಿಗೆ, ಕೆಲಸಕ್ಕೆ, ಅವಳ ಹೆಸರಿನ ಹಸುವಿಗೆ ಸಾಲ ಮೊದಲು ಸಿಗಲಿ.

ಎರಡು, "ವರದಕ್ಷಿಣೆ ಕೊಟ್ಟಾಯ್ತು, ಆಸ್ತಿಯಲ್ಲಿ ಏನೂ ಇಲ್ಲ" ಎಂಬ ಮಾತನ್ನು ಒಪ್ಪಬೇಡಿ. ಕರ್ನಾಟಕ 1994ರಲ್ಲೇ ಹಿಂದೂ ಮನೆತನದ ಪಿತ್ರಾರ್ಜಿತ ಆಸ್ತಿಯಲ್ಲಿ ಅವಿವಾಹಿತ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತು. 2005ರ ತಿದ್ದುಪಡಿ ಮದುವೆಯಾದ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿತು. ಬೀಗರ ಕೈಗೆ ಹೋದ ಹಣ ಮಗಳ ಪಾಲಲ್ಲ.

ಮೂರು, ಊರಿಗೆ ಬಂದ ಹೊಸ ಸೊಸೆಯನ್ನು, ಅವಳು ಯಾವ ಜಿಲ್ಲೆಯವಳಾಗಲಿ, ಯಾವ ಭಾಷೆ, ಜಾತಿ, ಧರ್ಮದವಳಾಗಲಿ, ತಿಂಗಳೊಳಗೆ ಸಂಘದ ಇಬ್ಬರು ಹೋಗಿ ಮಾತನಾಡಿಸಿ ಬರಲಿ. ಅವಳ ತವರಿನ ಫೋನ್ ನಂಬರು ಸಂಘದಲ್ಲಿ ಇರಲಿ. ಆಧಾರ್, ರೇಷನ್ ಕಾರ್ಡ್ ಬದಲಾವಣೆಗೆ ಜೊತೆಗೆ ಹೋಗಿ.

ನಾಲ್ಕು, ಹೊಡೆತದ ಸುದ್ದಿ ಬಂದರೆ "ಅವರ ಮನೆ ವಿಷಯ" ಎನ್ನಬೇಡಿ. 181ಕ್ಕೆ ಅಥವಾ 112ಕ್ಕೆ ಫೋನ್ ಮಾಡಿ. ಕೌಟುಂಬಿಕ ದೌರ್ಜನ್ಯದ ಕಾಯಿದೆಯಡಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಅಂಗನವಾಡಿಯ ಮೂಲಕ ಅವರ ಕಚೇರಿ ನಿಮಗೆ ಗೊತ್ತೇ ಇದೆ. ಆ ಕಾಯಿದೆ ಹೆಣ್ಣಿಗೆ ಗಂಡನ ಮನೆಯಲ್ಲೇ ಇರುವ ಹಕ್ಕನ್ನೂ ಕೊಡುತ್ತದೆ. ಹಳೆಯ 498ಎ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಾಗಿದೆ, ವರದಕ್ಷಿಣೆ ಸಾವಿನದು 80ನೇ ಕಲಮು. ನಂಬರು ಬದಲಾಗಿದೆ, ಅಪರಾಧ ಅಪರಾಧವೇ. ವರದಕ್ಷಿಣೆ ಕೊಟ್ಟವರದೂ ತಪ್ಪಲ್ಲವೇ, ನಮ್ಮನ್ನೂ ಹಿಡಿಯುತ್ತಾರೆ ಎಂದು ಹೆದರಬೇಡಿ. ನೊಂದವರು ಕೊಟ್ಟ ಹೇಳಿಕೆಯ ಮೇಲೆ ಅವರ ವಿರುದ್ಧವೇ ಮೊಕದ್ದಮೆ ಹೂಡುವಂತಿಲ್ಲ ಎಂದು ವರದಕ್ಷಿಣೆ ಕಾಯಿದೆಯ 7ನೇ ಕಲಮು ಹೇಳುತ್ತದೆ.

ಟೀ ಅಂಗಡಿಯ ವಾದ ನಾಳೆಯೂ ನಡೆಯುತ್ತದೆ. ನಮ್ಮ ಸಂಸ್ಕೃತಿ ಯಾವುದು, ಅದನ್ನು ಕೆಡಿಸುವವರು ಯಾರು ಎಂದು ಅವರು ಕೇಳುತ್ತಲೇ ಇರುತ್ತಾರೆ. ಹೊಸದಾಗಿ ಬಂದವಳನ್ನು ಈ ಊರು ಹೇಗೆ ನಡೆಸಿಕೊಂಡಿತು ಎಂಬುದೇ ನಮ್ಮ ಉತ್ತರವಾಗಲಿ. ಅಜ್ಜಿಯನ್ನು ಯಾರೂ ಕೇಳಲಿಲ್ಲ. ಅವರ ಮರಿಮಗಳನ್ನಾದರೂ ಕೇಳಿ ಮದುವೆ ಮಾಡೋಣ.

ನನ್ನ ಮಾತು ಮುಗಿಯಿತು. ಪುಸ್ತಕ ತೆಗೆಯಿರಿ. ಗಂಡುಮಕ್ಕಳಿರುವವರು ಯಾರು ಮೊದಲು ರುಜು ಹಾಕುತ್ತೀರಿ, ನೋಡೋಣ.